ಬೈಕಿನ ಬೆನ್ನಿಗೆ ಹೇರು: ಎಷ್ಟು, ಎಲ್ಲಿ, ಹೇಗೆ?

ದಸರಾ ರಜೆಯ ಒಂದು ಮುಂಜಾನೆ. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ಒಂದು ಮನೆಯ ಮುಂದೆ 100 ಸಿಸಿಯ ಬೈಕೊಂದು ನಿಂತಿದೆ ಎಂದು ಕಲ್ಪಿಸಿಕೊಳ್ಳಿ. ಪದವಿ ತರಗತಿಯ ಇಬ್ಬರು ಗೆಳೆಯರು ಎರಡು ರಾತ್ರಿಯ ತಿರುಗಾಟಕ್ಕೆ ಸಿದ್ಧರಾಗಿದ್ದಾರೆ. ಮಾನ್ವಿ, ಸಿಂಧನೂರು ದಾಟಿ ಮಸ್ಕಿಯಲ್ಲಿ ಅಶೋಕನ ಶಾಸನ ನೋಡುವುದು, ಅಲ್ಲಿಂದ ಮುದಗಲ್ಲಿನ ಕೋಟೆ, ಆಮೇಲೆ ಕೃಷ್ಣೆಯ ನಡುಗಡ್ಡೆಯ ಜಲದುರ್ಗ. ಬಯಲಲ್ಲಿ ಡೇರೆ ಹಾಕಿ ಮಲಗುವ ಹಂಬಲ ಬೇರೆ!

ಸಾಮಾನೂ ಹಾಗೇ ಇದೆ. ಡೇರೆ, ಚಾದರಗಳು, ಬಟ್ಟೆಯ ಎರಡು ಬ್ಯಾಗು, ಸ್ಟೋವು, ಪಾತ್ರೆ, ಅಕ್ಕಿ-ಬೇಳೆ, 5 ಲೀಟರಿನ ನೀರಿನ ಕ್ಯಾನು. ಅಷ್ಟನ್ನೂ ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ ಗೋಪುರದಂತೆ ಪೇರಿಸಿ, ಕೊಕ್ಕೆ ಇರುವ ರಬ್ಬರ್ ಹಗ್ಗದಿಂದ ಬಿಗಿದಿದ್ದಾರೆ. ಕಟ್ಟೆಯ ಮೇಲೆ ಕುಳಿತ ತಾತ ಎಲ್ಲವನ್ನೂ ನೋಡುತ್ತಿದ್ದಾರೆ.

“ತಮ್ಮಾ, ಹಿಂದ್ ಭಾಳ ಭಾರ ಆಗೈತಿ. ಬಂಡಿ ಆಗಿದ್ರ ಇಷ್ಟೊತ್ತಿಗೆ ಮೂಕಿ ಮ್ಯಾಲೆ ಏಳ್ತಿತ್ತು” ಎನ್ನುತ್ತಾರೆ.

“ತಾತ, ಇದು ಬಂಡಿ ಅಲ್ಲ, ಬೈಕು” ಎಂದು ಮೊಮ್ಮಗ ನಗುತ್ತಾನೆ.

ಇಂಥ ದೃಶ್ಯ ಕುರ್ಡಿಯಲ್ಲಷ್ಟೇ ಅಲ್ಲ, ಯಾವ ಊರಿನಲ್ಲಾದರೂ ಕಾಣಸಿಗುವಂಥದು. ಆದರೆ ಇಲ್ಲಿ ನಕ್ಕ ಮೊಮ್ಮಗನಿಗಿಂತ ತಾತನಿಗೇ ಭೌತವಿಜ್ಞಾನ ಚೆನ್ನಾಗಿ ಗೊತ್ತಿದೆ. ಬಂಡಿಯಾಗಲಿ ಬೈಕಾಗಲಿ, ಭಾರ ಹೊರುವ ನಿಯಮ ಒಂದೇ. ಎಷ್ಟು ಹೇರಿದ್ದೀರಿ ಎಂಬುದರಷ್ಟೇ ಎಲ್ಲಿ ಹೇರಿದ್ದೀರಿ ಎಂಬುದೂ ಮುಖ್ಯ. ಬಂಡಿಗೆ ಭಾರ ತಪ್ಪಿದರೆ ಎತ್ತು ನಿಂತುಬಿಡುತ್ತದೆ, ಒಡೆಯ ಇಳಿದು ಸರಿಪಡಿಸುತ್ತಾನೆ. ಬೈಕು ನಿಲ್ಲುವುದಿಲ್ಲ. ತಪ್ಪು ಗೊತ್ತಾಗುವ ಹೊತ್ತಿಗೆ ಅದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ.

ಮೊದಲು ತಕ್ಕಡಿ, ಆಮೇಲೆ ಹಗ್ಗ

ಪ್ರತಿಯೊಂದು ಬೈಕಿಗೂ ಹೊರುವ ಮಿತಿಯೊಂದಿದೆ. ಅದನ್ನು ತಯಾರಕರು ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಬೈಕು ಕೊಂಡ ದಿನ ಕೈಗೆ ಬಂದ ಆ ಪುಸ್ತಕವನ್ನು ಬಹುಪಾಲು ಮನೆಗಳಲ್ಲಿ ಯಾರೂ ತೆರೆದು ನೋಡಿರುವುದಿಲ್ಲ. 100 ಸಿಸಿ ಆಸುಪಾಸಿನ ಸಾಮಾನ್ಯ ಬೈಕಿನ ತೂಕ ಸುಮಾರು 110 ಕಿಲೋ. ಅದು ಹೊರಬಹುದಾದ ಭಾರ ಸುಮಾರು 130 ಕಿಲೋ. ಇದು ಬರೀ ಸಾಮಾನಿನ ಲೆಕ್ಕವಲ್ಲ. ಸವಾರ, ಹಿಂದೆ ಕುಳಿತವರು, ಅವರ ಹೆಲ್ಮೆಟ್ಟು, ಬೂಟು, ಬ್ಯಾಗು, ಹೊಸದಾಗಿ ಕೂರಿಸಿದ ಕಬ್ಬಿಣದ ಚೌಕಟ್ಟು ಎಲ್ಲವೂ ಸೇರಿ 130.

ಈಗ ನಮ್ಮ ಇಬ್ಬರು ಗೆಳೆಯರ ಲೆಕ್ಕ ಹಾಕಿ. ಹೆಲ್ಮೆಟ್ಟು, ಬೂಟು ಸಮೇತ ಒಬ್ಬನ ತೂಕ 62 ಕಿಲೋ, ಇನ್ನೊಬ್ಬನದು 58. ಅಲ್ಲಿಗೆ 120 ಆಯಿತು. ಸಾಮಾನಿಗೆ ಉಳಿದದ್ದು ಕೇವಲ 10 ಕಿಲೋ! ಅವರು ಕಟ್ಟಿರುವುದಾದರೋ ಡೇರೆ 3, ಹಾಸಿ ಹೊದೆಯುವುದಕ್ಕೆ 4, ಬಟ್ಟೆ 6, ಸ್ಟೋವು-ಪಾತ್ರೆ 4, ದಿನಸಿ 3, ನೀರು 5. ಒಟ್ಟು 25 ಕಿಲೋ. ಮಿತಿ ಮೀರಿದ್ದು 15 ಕಿಲೋ. ಮನೆ ಬಿಡುವ ಮುಂಚೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿದ್ದ ಸಂಗತಿ ಇದು.

ದಿನವೂ ಎರಡು ಗೊಬ್ಬರದ ಚೀಲ ಹೇರಿಕೊಂಡು ಹೊಲಕ್ಕೆ ಹೋಗುವ ಬೈಕನ್ನು ತೋರಿಸಿ, “ಅದಕ್ಕೇನಾಗಿದೆ?” ಎಂದು ಕೇಳುವವರುಂಟು. ಹೊಲದ ದಾರಿ ಎರಡು ಮೈಲಿ, ವೇಗ ಎತ್ತಿನ ಬಂಡಿಗಿಂತ ತುಸು ಹೆಚ್ಚು. ಹೆದ್ದಾರಿಯ ಮಾತು ಬೇರೆ. ಅಲ್ಲಿ ವೇಗ, ದೂರ, ಎದುರಿನ ಲಾರಿಯ ಗಾಳಿ ಮೂರೂ ಸೇರಿಕೊಳ್ಳುತ್ತವೆ. ಹೊಲದ ದಾರಿಯಲ್ಲಿ ಕ್ಷಮಿಸಲ್ಪಟ್ಟ ತಪ್ಪಿಗೆ ಹೆದ್ದಾರಿಯಲ್ಲಿ ಕ್ಷಮೆ ಸಿಗುತ್ತದೆಂಬ ಭರವಸೆಯಿಲ್ಲ.

ತಾತ ಹೇಳಿದ ಸನ್ನೆಯ ಪಾಠ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿದ ವಿವರ ಅದರ ಮೇಲೆ ಕೆತ್ತಲ್ಪಟ್ಟಿದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ ಎಂಬುದಕ್ಕೂ ಅಲ್ಲೇ ಉತ್ತರವುಂಟು. ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲು ಎಳೆಯುತ್ತಿರುವ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. 700 ವರ್ಷಗಳ ಹಿಂದೆಯೇ ಈ ನಾಡಿನ ಜನರಿಗೆ ಭಾರವನ್ನು ಗಾಲಿಯ ಮೇಲೆ ಹೇಗೆ ಕೂರಿಸಬೇಕೆಂಬ ತಿಳಿವಳಿಕೆ ಇತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡು ಗಾಲಿಯ ಬಂಡಿಯಲ್ಲಿ ಅಚ್ಚೇ ಸನ್ನೆಯ ಆಧಾರಬಿಂದು. ಜೋಳದ ಚೀಲಗಳು ಅಚ್ಚಿನ ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಪಟ್ಟಿ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಅನುಭವಿ ರೈತ ಚೀಲಗಳನ್ನು ಅಚ್ಚಿನ ಮೇಲೆ, ತುಸು ಮುಂದಕ್ಕೆ ಒಟ್ಟುತ್ತಾನೆ.

ಬೈಕಿನಲ್ಲಿ ಹಿಂದಿನ ಗಾಲಿಯ ಅಚ್ಚೇ ಆ ಆಧಾರಬಿಂದು. ಅದರ ಹಿಂದೆ ಹೇರಿದ ಪ್ರತಿ ಕಿಲೋ ಮುಂದಿನ ಗಾಲಿಯನ್ನು ಮೇಲಕ್ಕೆ ಎತ್ತಲು ಹವಣಿಸುತ್ತದೆ. ಎರಡು ಅಚ್ಚುಗಳ ನಡುವಿನ ಅಂತರ 125 ಸೆಂ.ಮೀ. ಎಂದುಕೊಳ್ಳಿ. 25 ಕಿಲೋ ಸಾಮಾನು ಹಿಂದಿನ ಅಚ್ಚಿನಿಂದ 30 ಸೆಂ.ಮೀ. ಹಿಂದಿದ್ದರೆ, 25ನ್ನು 30ರಿಂದ ಗುಣಿಸಿ 125ರಿಂದ ಭಾಗಿಸಿ. ಉತ್ತರ 6. ಮುಂದಿನ ಗಾಲಿಯ ಭಾರ 6 ಕಿಲೋ ಇಳಿಯಿತು, ಹಿಂದಿನ ಗಾಲಿ 25ರ ಬದಲು 31 ಕಿಲೋ ಹೊತ್ತಿತು.

ಆರೇ ಕಿಲೋ ತಾನೆ ಎನ್ನಬೇಡಿ. 110 ಕಿಲೋ ಬೈಕಿನ ಮೇಲೆ 62 ಕಿಲೋ ಸವಾರನೊಬ್ಬನೇ ಇದ್ದಾಗ ಮುಂದಿನ ಗಾಲಿಯ ಮೇಲೆ ಸುಮಾರು 70 ಕಿಲೋ ಬೀಳುತ್ತದೆ. ಅಂದರೆ ಒಟ್ಟು ಭಾರದ ಐದು ಪಾಲಿನಲ್ಲಿ ಎರಡು ಪಾಲು. ಹಿಂದೆ ಗೆಳೆಯ ಕುಳಿತು, ಅವನ ಹಿಂದೆ 25 ಕಿಲೋ ಗೋಪುರ ಎದ್ದಾಗ ಒಟ್ಟು ಭಾರ 255 ಕಿಲೋಗೆ ಏರುತ್ತದೆ. ಆದರೆ ಮುಂದಿನ ಗಾಲಿಯ ಮೇಲಿನ ಭಾರ 64ರ ಆಸುಪಾಸಿಗೆ ಇಳಿಯುತ್ತದೆ. ಐದರಲ್ಲಿ ಎರಡಿದ್ದ ಪಾಲು ಈಗ ನಾಲ್ಕರಲ್ಲಿ ಒಂದು! ಬೈಕು ತಿರುಗುವುದು ಮುಂದಿನ ಗಾಲಿಯಿಂದ, ಗಟ್ಟಿಯಾಗಿ ನಿಲ್ಲುವುದೂ ಹೆಚ್ಚಾಗಿ ಮುಂದಿನ ಗಾಲಿಯಿಂದ. ಆ ಗಾಲಿ ನೆಲವನ್ನು ಒತ್ತಿ ಹಿಡಿಯದಿದ್ದರೆ ಹ್ಯಾಂಡಲ್ ಹಗುರವಾಗಿ, ತಿರುವಿನಲ್ಲಿ ಬೈಕು ಹೊರಗೆ ಜಾರಲು ನೋಡುತ್ತದೆ.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಸೈಕಲ್ಲಿನ ಮುಂದಿನ ಗಾಲಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ. ಹಿಂದಿನ ಗಾಲಿಯ ಕೆಳಗೆ ಅಷ್ಟೇ ಎತ್ತರದ ಹಲಗೆ ಇಡಿ. ಒಬ್ಬರು ಸೈಕಲ್ಲನ್ನು ನೆಟ್ಟಗೆ ಹಿಡಿದಿರಲಿ. ಪುಸ್ತಕದ ಚೀಲವನ್ನು ಮೊದಲು ಸೀಟಿನ ಮೇಲಿಟ್ಟು ಯಂತ್ರದ ಮುಳ್ಳು ನೋಡಿ. ಆಮೇಲೆ ಅದೇ ಚೀಲವನ್ನು ಕ್ಯಾರಿಯರ್ ತುದಿಗೆ ಸರಿಸಿ ನೋಡಿ. ಮೊದಲ ಸಲ ಮುಳ್ಳು ಏರುತ್ತದೆ, ಎರಡನೇ ಸಲ ಖಾಲಿ ಸೈಕಲ್ಲಿನ ತೂಕಕ್ಕಿಂತಲೂ ಕೆಳಗಿಳಿಯುತ್ತದೆ. ಚೀಲ ಅದೇ, ಸೈಕಲ್ಲು ಅದೇ. ಬದಲಾದದ್ದು ಜಾಗ ಮಾತ್ರ.

ಇನ್ನೊಂದು ಪ್ರಯೋಗಕ್ಕೆ ಒಂದು ಕೋಲು, ನೀರು ತುಂಬಿದ ಎರಡು ಬಾಟಲಿ ಸಾಕು. ಬಾಟಲಿಗಳನ್ನು ಕೋಲಿನ ನಡುವಿಗೆ ಕಟ್ಟಿ, ಕೋಲನ್ನು ನಡುವೆ ಹಿಡಿದು ಮಣಿಕಟ್ಟಿನಿಂದ ಎಡಕ್ಕೆ ಬಲಕ್ಕೆ ತಿರುಗಿಸಿ. ಸುಲಭವಾಗಿ ತಿರುಗುತ್ತದೆ. ಬಾಟಲಿಗಳನ್ನು ಎರಡು ತುದಿಗೆ ಕಟ್ಟಿ ಮತ್ತೆ ತಿರುಗಿಸಿ. ತಿರುಗಿಸುವುದೂ ಕಷ್ಟ, ತಿರುಗಿದ್ದನ್ನು ನಿಲ್ಲಿಸುವುದೂ ಕಷ್ಟ. ಭಾರ ಮಧ್ಯದಿಂದ ದೂರ ಹೋದಷ್ಟೂ ತಿರುಗುವಿಕೆಗೆ ವಸ್ತು ತೋರುವ ಜಡತ್ವ ಹೆಚ್ಚುತ್ತದೆ. ಬಾಲದ ತುದಿಯಲ್ಲಿ ಭಾರ ಹೊತ್ತ ಬೈಕು ವೇಗ ಹೆಚ್ಚಿದಾಗ ಹಾವಿನಂತೆ ತುಯ್ದಾಡುವುದಕ್ಕೆ ಇದೂ ಒಂದು ಕಾರಣ.

ಈ ಪಾಠವನ್ನು ಕಷ್ಟಪಟ್ಟು ಕಲಿತವರಲ್ಲಿ ಒಬ್ಬ ವೈದ್ಯ ವಿದ್ಯಾರ್ಥಿಯೂ ಇದ್ದ. 1952ರ ಜನವರಿಯಲ್ಲಿ ಅರ್ಜೆಂಟೀನಾದ ಅರ್ನೆಸ್ಟೊ ಗುವಾರಾ ತನ್ನ ಗೆಳೆಯ ಆಲ್ಬೆರ್ಟೊ ಗ್ರನಾದೊ ಜೊತೆ 500 ಸಿಸಿಯ ಹಳೆಯ ನಾರ್ಟನ್ ಬೈಕಿನಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಟ. ಇಬ್ಬರು ಸವಾರರು, ಜೊತೆಗೆ ಹೊರೆಗಟ್ಟಲೆ ಸಾಮಾನು. ಬೈಕು ದಾರಿಯುದ್ದಕ್ಕೂ ಮತ್ತೆ ಮತ್ತೆ ಬಿತ್ತು, ಕೆಟ್ಟಿತು. ಕೊನೆಗೆ ಚಿಲಿ ದೇಶದಲ್ಲಿ ಅದನ್ನು ಕೈಬಿಟ್ಟು ಸಿಕ್ಕ ಲಾರಿ, ಹಡಗು ಹಿಡಿದು ಮುಂದೆ ಸಾಗಬೇಕಾಯಿತು. ಮುಂದೆ ‘ಚೆ’ ಎಂದು ಜಗತ್ತಿಗೆ ಪರಿಚಿತನಾದವನು ಇವನೇ.

ಹಸಿಬೆ ಚೀಲ ಮತ್ತೆ ಬಂತು

ಹಾಗಾದರೆ ಸಾಮಾನು ಎಲ್ಲಿರಬೇಕು? ಕೆಳಗೆ, ಮಧ್ಯಕ್ಕೆ ಹತ್ತಿರವಾಗಿ, ಎರಡೂ ಪಕ್ಕಕ್ಕೆ ಸಮನಾಗಿ. ಈ ಮೂರು ಮಾತಿಗೆ ಒಪ್ಪುವ ಚೀಲವನ್ನು ನಮ್ಮ ಹಿರಿಯರು ಎಂದೋ ಹೊಲಿದಿಟ್ಟಿದ್ದರು. ಅದರ ಹೆಸರು ಹಸಿಬೆ. ನಡುವೆ ಬಾಯಿ, ಎರಡು ಕಡೆ ಜೋಲುವ ಹೊಟ್ಟೆ. ಹೆಗಲ ಮೇಲೆ ಹಾಕಿದರೆ ಒಂದು ಹೊಟ್ಟೆ ಎದೆಯ ಕಡೆ, ಇನ್ನೊಂದು ಬೆನ್ನ ಕಡೆ. ಎತ್ತಿನ ಬೆನ್ನಿಗೆ ಹಾಕಿದರೆ ಎಡಕ್ಕೊಂದು ಬಲಕ್ಕೊಂದು. ಲಂಬಾಣಿಗರು ಹೀಗೆಯೇ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ದಖ್ಖನ್ನಿನ ಉದ್ದಗಲಕ್ಕೂ ಸಾಗಿಸುತ್ತಿದ್ದರು. ಇಂದು ಬೈಕಿನ ಅಂಗಡಿಯಲ್ಲಿ ‘ಸ್ಯಾಡಲ್ ಬ್ಯಾಗ್’ ಎಂದು ಮಾರುವುದು ಇದೇ ಹಸಿಬೆಯ ಮೊಮ್ಮಗುವನ್ನು. ಬೈಕಿನ ಎರಡು ಪಕ್ಕದ ಪೆಟ್ಟಿಗೆಗೆ ‘ಪ್ಯಾನಿಯರ್’ ಎನ್ನುತ್ತಾರೆ. ಆ ಪದದ ಮೂಲದಲ್ಲಿರುವುದು ರೊಟ್ಟಿಯ ಬುಟ್ಟಿ!

ಸ್ಯಾಡಲ್ ಬ್ಯಾಗು ಕೊಳ್ಳುವಾಗ ನಾಲ್ಕು ಸಂಗತಿ ಗಮನಿಸಬೇಕು. ಮೊದಲನೆಯದು ಸೈಲೆನ್ಸರ್. ನಮ್ಮ ಬಹುತೇಕ ಬೈಕುಗಳಲ್ಲಿ ಅದು ಬಲಗಡೆ ಇರುತ್ತದೆ. ಬಲಗಡೆಯ ಚೀಲ ಅದಕ್ಕೆ ತಗುಲಿದರೆ ಬಟ್ಟೆ ಕರಗಿ, ಹೊತ್ತಿಕೊಳ್ಳುವ ಅಪಾಯವೂ ಉಂಟು. ಭಾರ ತುಂಬಿ, ಹಿಂದೆ ಗೆಳೆಯನನ್ನು ಕೂರಿಸಿ, ಸ್ಪ್ರಿಂಗು ಕುಗ್ಗಿದ ಸ್ಥಿತಿಯಲ್ಲಿ ಅಂತರ ಅಳೆಯಬೇಕು. ನಿಂತ ಬೈಕಿನಲ್ಲಿ ದೂರವಿದ್ದ ಚೀಲ ಹಂಪು ಹಾರಿದಾಗ ಸೈಲೆನ್ಸರನ್ನು ಮುಟ್ಟಬಹುದು.

ಎರಡನೆಯದು ಗಾಲಿ. ಎಡಗಡೆ ಸೀರೆ ಗಾರ್ಡ್ ಇರುವುದರಿಂದ ಆ ಕಡೆಯ ಚೀಲ ಗಾಲಿಯೊಳಗೆ ನುಗ್ಗುವುದಿಲ್ಲ. ಬಲಗಡೆ ಆ ರಕ್ಷಣೆ ಇಲ್ಲದಿದ್ದರೆ ಚೀಲವನ್ನು ಹೊರಗೇ ತಡೆದು ಹಿಡಿಯುವ ಒಂದು ಕಬ್ಬಿಣದ ಬಳೆ ಕೂರಿಸುವುದು ಅವಶ್ಯ. ಸೀರೆ ಗಾರ್ಡನ್ನು ‘ಅಂದ ಕೆಡಿಸುತ್ತದೆ’ ಎಂದು ಬಿಚ್ಚಿಡುವ ಹುಡುಗರು ಒಂದು ಮಾತು ನೆನಪಿಡಬೇಕು. ಅದು ತಾಯಂದಿರ ಸೆರಗಿಗೆ ಮಾಡಿದ ಏರ್ಪಾಡಾದರೂ ಬ್ಯಾಗಿನ ಪಟ್ಟಿಗೂ ಅಷ್ಟೇ ಉಪಕಾರಿ.

ಮೂರನೆಯದು ದೀಪ ಮತ್ತು ನಂಬರು. ಹಿಂದಿನ ಕೆಂಪು ದೀಪ, ತಿರುವಿನ ದೀಪ, ನಂಬರು ಫಲಕ ಯಾವುದೂ ಮರೆಯಾಗಬಾರದು.

ನಾಲ್ಕನೆಯದು ಅಗಲ. ಚೀಲದ ಅಗಲ ಹ್ಯಾಂಡಲಿನ ಅಗಲವನ್ನು ಮೀರಬಾರದು. ಹ್ಯಾಂಡಲು ನುಸುಳಿದ ಜಾಗದಲ್ಲಿ ಚೀಲವೂ ನುಸುಳುತ್ತದೆ ಎಂದೇ ಸವಾರನ ಕಣ್ಣು ನಂಬಿರುತ್ತದೆ. ಸಂತೆಯ ದಿನದ ರಸ್ತೆಯಲ್ಲಿ ಅಗಲವಾದ ಚೀಲ ಪಕ್ಕದವರಿಗೆ ಬಡಿಯುವುದು ಈ ನಂಬಿಕೆಯಿಂದಲೇ.

ಭಾರವಾದ ವಸ್ತುಗಳು, ಅಂದರೆ ನೀರು, ಪಾನಾ-ಸ್ಕ್ರೂಡ್ರೈವರ್, ದಿನಸಿ ಪಕ್ಕದ ಚೀಲಗಳ ತಳದಲ್ಲಿ, ಮುಂಭಾಗಕ್ಕೆ ಒತ್ತಿದಂತೆ ಇರಲಿ. ಎರಡು ಚೀಲಗಳ ತೂಕ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸವಾಗದಿರಲಿ. ಹಗುರವಾದ ಚಾದರ, ಬಟ್ಟೆ ಮೇಲಕ್ಕೆ. ಒಬ್ಬನೇ ಹೋಗುವುದಾದರೆ ಹಿಂಬದಿಯ ಸೀಟೇ ಅತ್ಯುತ್ತಮ ಜಾಗ. ಅದು ಅಚ್ಚಿನ ಮೇಲೆ, ತುಸು ಮುಂದೆ ಇದೆ. ಟ್ಯಾಂಕಿನ ಮೇಲೆ ಚೀಲ ಕಟ್ಟಿದರೆ ಹ್ಯಾಂಡಲು ಎರಡೂ ಕೊನೆಗೆ ಪೂರ್ತಿ ತಿರುಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಅಯಸ್ಕಾಂತದ ಚೀಲಗಳು ಕಬ್ಬಿಣದ ಟ್ಯಾಂಕಿಗೆ ಮಾತ್ರ ಅಂಟುತ್ತವೆ, ಪ್ಲಾಸ್ಟಿಕ್ ಮುಚ್ಚಳಕ್ಕೆ ಅಂಟುವುದಿಲ್ಲ. ಕಾಲೇಜಿನ ಬ್ಯಾಗನ್ನು ಬೆನ್ನಿಗೇ ಹಾಕಿಕೊಂಡು ದಿನವಿಡೀ ಓಡಿಸುವುದು ಬೇಡ. ಭುಜ ಸೋತರೆ ಗಮನವೂ ಸೋಲುತ್ತದೆ. ಬಿದ್ದಾಗ ಬೆನ್ನ ಮೇಲಿನ ಗಟ್ಟಿ ವಸ್ತುವೇ ಬೆನ್ನುಮೂಳೆಗೆ ಪೆಟ್ಟಾಗಬಹುದು.

ಸೀಟಿನ ಹಿಂದೆ ಗಟ್ಟಿ ಪೆಟ್ಟಿಗೆ ಕೂರಿಸುವವರಿಗೆ ಕಾನೂನಿನ ಅಳತೆಯೂ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಇಂಥ ಹಗುರ ಪೆಟ್ಟಿಗೆಯ ಉದ್ದ 550 ಮಿ.ಮೀ., ಅಗಲ 510 ಮಿ.ಮೀ., ಎತ್ತರ 500 ಮಿ.ಮೀ. ಮೀರುವಂತಿಲ್ಲ. ಪೆಟ್ಟಿಗೆಯನ್ನು ಹಿಂಬದಿ ಸವಾರನ ಜಾಗದಲ್ಲೇ ಕೂರಿಸಿದರೆ ಚಾಲಕನ ಹೊರತು ಬೇರಾರೂ ಕೂರುವಂತಿಲ್ಲ.

ಚೌಕಟ್ಟು ಮತ್ತು ಬೆಸುಗೆ

ಬೈಕಿನ ಜೊತೆಗೇ ಬರುವ ಹಿಂದಿನ ಕ್ಯಾರಿಯರ್ ಗಟ್ಟಿಯಾಗಿ ಕಂಡರೂ ಅನೇಕ ಬೈಕುಗಳಲ್ಲಿ ಅದರ ಮಿತಿ ಕೆಲವೇ ಕಿಲೋ. ಅದನ್ನೂ ಕೈಪಿಡಿಯಲ್ಲೇ ನೋಡಬೇಕು. ಹೆಚ್ಚು ಭಾರಕ್ಕೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಮಾಡಿಸುವುದು ವಾಡಿಕೆ. ತಪ್ಪೇನಿಲ್ಲ. ಆದರೆ ಚೌಕಟ್ಟನ್ನು ಬೈಕಿನ ಮೈಗೆ ನೇರವಾಗಿ ಬೆಸೆಯಬಾರದು. ಬೆಸುಗೆಯ ಕಾವಿಗೆ ಅಲ್ಲಿನ ಉಕ್ಕಿನ ಗುಣ ಬದಲಾಗಿ ಬಿರುಕಿಗೆ ದಾರಿಯಾಗುತ್ತದೆ. ಈಗಾಗಲೇ ಇರುವ ಬೋಲ್ಟಿನ ತೂತುಗಳಿಗೆ ನಟ್ಟು-ಬೋಲ್ಟಿನಿಂದ ಬಿಗಿಯುವುದೇ ಸರಿ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಇರಲಿ.

ಕಬ್ಬಿಣದ ತಂತಿಯನ್ನು ಒಂದೇ ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಹತ್ತಾರು ಸಲ ಆಚೀಚೆ ಬಗ್ಗಿಸಿದರೆ ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಗುಂಡಿ ಬಿದ್ದ ರಸ್ತೆಯಲ್ಲಿ ಚೌಕಟ್ಟು ಸಾವಿರಾರು ಸಲ ನಡುಗುತ್ತದೆ. ಹಾಗಾಗಿ ಪ್ರತಿ ನಿಲುಗಡೆಯಲ್ಲೂ ಬೆಸುಗೆಯ ಜಾಗದಲ್ಲಿ ಕೂದಲಿನಂಥ ಬಿರುಕು ಕಾಣುತ್ತದೆಯೇ, ಬೋಲ್ಟು ಸಡಿಲವಾಗಿದೆಯೇ ಎಂದು ಕೈಯಾಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಕಟ್ಟುವುದೂ ಒಂದು ವಿದ್ಯೆ

ರಬ್ಬರ್ ಹಗ್ಗ ಎಳೆದಷ್ಟೂ ಬಿಗಿ ಎಂದು ಅನೇಕರ ಭಾವನೆ. ಸ್ಥಿತಿಸ್ಥಾಪಕ ಗುಣದ ವಸ್ತುವಿಗೆ ಇನ್ನೊಂದು ಮುಖವೂ ಇದೆ. ಬೈಕು ಗುಂಡಿಗೆ ಬಿದ್ದು ಎದ್ದಾಗ ಸಾಮಾನು ಮೇಲೆ ಹಾರುತ್ತದೆ, ರಬ್ಬರ್ ಅದನ್ನು ಹಾರಗೊಡುತ್ತದೆ. ಪ್ರತಿ ಹಾರಾಟದಲ್ಲೂ ಗಂಟು ಒಂದಿಷ್ಟು ಸರಿಯುತ್ತದೆ. ಹತ್ತು ಮೈಲಿ ಕಳೆಯುವುದರಲ್ಲಿ ನೆಟ್ಟಗಿದ್ದ ಗೋಪುರ ಒಂದು ಪಕ್ಕಕ್ಕೆ ವಾಲಿರುತ್ತದೆ. ಕೊಕ್ಕೆ ಜಾರಿದರಂತೂ ರಬ್ಬರಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಕೊಕ್ಕೆಯ ತುದಿಗೆ ಬಂದು ಮುಖಕ್ಕೆ ಬಡಿಯುತ್ತದೆ. ಹೀಗೆ ಕಣ್ಣಿಗೆ ಗಾಯವಾದ ಪ್ರಕರಣಗಳು ವೈದ್ಯರಿಗೆ ಹೊಸವಲ್ಲ. ರಬ್ಬರ್ ಎಳೆಯುವಾಗ ಮುಖವನ್ನು ಅದರ ನೇರದಲ್ಲಿ ಎಂದೂ ಇಡಬಾರದು.

ಭಾರ ಹಿಡಿಯಲು ಹಿಗ್ಗದ ಚಪ್ಪಟೆ ಪಟ್ಟಿ, ಬಕಲ್ ಸಮೇತ ಇರುವಂಥದು, ಉತ್ತಮ. ಇಲ್ಲವಾದರೆ ಗಟ್ಟಿ ನೈಲಾನ್ ಹಗ್ಗ. ರಬ್ಬರನ್ನು ಮೇಲಿನ ಹಗುರ ಜಾಕೆಟ್ಟು, ಪ್ಲಾಸ್ಟಿಕ್ ಹೊದಿಕೆ ಹಿಡಿಯಲು ಇಟ್ಟುಕೊಳ್ಳಿ. ಹಳೆ ಟ್ಯೂಬನ್ನು ಅಗಲವಾಗಿ ಕತ್ತರಿಸಿದ ಪಟ್ಟಿಯೂ ಈ ಹಗುರ ಕೆಲಸಕ್ಕೆ ಆದೀತು. ಅದರಲ್ಲಿ ಕೊಕ್ಕೆಯಿಲ್ಲ ಎಂಬುದೇ ಒಂದು ಅನುಕೂಲ. ನಾಲ್ಕು ಮೂಲೆಗೂ ಆಧಾರ ಬೇಕು. ಎರಡು ಪಟ್ಟಿ ಅಡ್ಡಕ್ಕೆ, ಎರಡು ಉದ್ದಕ್ಕೆ. ಆಗ ಸಾಮಾನು ಹಿಂದಕ್ಕೂ ಜಾರದು, ಬ್ರೇಕು ಹಾಕಿದಾಗ ಮುಂದಕ್ಕೂ ಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಿಯ ಬಾಲ. ಕಟ್ಟಿ ಉಳಿದ ತುದಿ ಗಾಳಿಗೆ ಹಾರಾಡುತ್ತಿದ್ದರೆ ಅದು ಚೈನಿಗೋ ಗಾಲಿಯ ಕಡ್ಡಿಗೋ ಸಿಕ್ಕಿಕೊಳ್ಳುತ್ತದೆ. ಓಡುವ ಗಾಲಿ ಅದನ್ನು ಸುತ್ತಿಕೊಂಡು ಒಮ್ಮೆಲೇ ನಿಂತುಬಿಡುತ್ತದೆ. ಸೆರಗು, ದುಪಟ್ಟಾ ಗಾಲಿಗೆ ಸಿಕ್ಕಿ ಆದ ದುರಂತಗಳನ್ನು ಕೇಳದ ಊರಿಲ್ಲ. ಪಟ್ಟಿಯ ತುದಿ ಮಾಡುವುದೂ ಅದನ್ನೇ. ಉಳಿದ ತುದಿಯನ್ನು ಸುತ್ತಿ ಒಳಗೆ ಸಿಕ್ಕಿಸಿ ಗಂಟು ಹಾಕಬೇಕು. ಹೊರಟು ಹತ್ತು ಕಿ.ಮೀ. ಆದ ಮೇಲೆ ಒಮ್ಮೆ ನಿಂತು ಬಿಗಿ ನೋಡಬೇಕು. ಬಟ್ಟೆಯ ಬ್ಯಾಗು ಒಳಗೊಳಗೇ ಕುಸಿದು ಪಟ್ಟಿ ಸಡಿಲವಾಗುವುದು ಈ ಮೊದಲ ಹತ್ತು ಕಿ.ಮೀ.ನಲ್ಲೇ.

ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಚೀಲದಲ್ಲಿ ಒಯ್ಯುವುದು ಖಂಡಿತ ಕೂಡದು. ಬಿಸಿಲಿಗೆ ಅದರ ಆವಿ ಉಬ್ಬಿ ಮುಚ್ಚಳದ ಸಂದಿಯಿಂದ ಸೋರುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ. ಗೊಬ್ಬರದ, ಕ್ರಿಮಿನಾಶಕದ ಖಾಲಿ ಚೀಲಗಳನ್ನು ಮಳೆಗೆ ಹೊದಿಕೆಯೆಂದು ಆಹಾರದ ಜೊತೆ ಇಡುವುದೂ ಬೇಡ.

ಗಾಳಿ, ಸ್ಪ್ರಿಂಗು, ಬ್ರೇಕು

ಭಾರ ಹೆಚ್ಚಿದಾಗ ಬೈಕನ್ನೂ ಅದಕ್ಕೆ ಒಗ್ಗಿಸಬೇಕು. ಟೈರಿನ ಗಾಳಿಗೆ ಕೈಪಿಡಿಯಲ್ಲಿ ಎರಡು ಅಂಕಿಗಳಿರುತ್ತವೆ. ಒಬ್ಬನಿದ್ದಾಗ ಒಂದು, ಇಬ್ಬರಿದ್ದಾಗ ಇನ್ನೊಂದು. ಹಿಂದಿನ ಗಾಲಿಗೆ ಎರಡನೇ ಅಂಕಿಯಷ್ಟು ತುಂಬಿಸಬೇಕು, ಅದೂ ಬೆಳಿಗ್ಗೆ ಟೈರು ತಣ್ಣಗಿದ್ದಾಗ. ಗಾಳಿ ಕಡಿಮೆಯಿರುವ ಟೈರು ಭಾರಕ್ಕೆ ಪ್ರತಿ ಸುತ್ತಿನಲ್ಲೂ ಬಗ್ಗಿ ಎದ್ದು ಒಳಗೊಳಗೇ ಕಾಯುತ್ತದೆ. 40 ಡಿಗ್ರಿ ಮೀರುವ ರಾಯಚೂರಿನ ಬೇಸಿಗೆಯ ರಸ್ತೆ ಆ ಕಾವಿಗೆ ಇನ್ನಷ್ಟು ಸೇರಿಸುತ್ತದೆ. ಟೈರು ಒಡೆಯುವ ಕಥೆ ಶುರುವಾಗುವುದು ಹೀಗೆ.

ಹಿಂದಿನ ಸ್ಪ್ರಿಂಗುಗಳ ಬುಡದಲ್ಲಿ ಮೆಟ್ಟಿಲಿನಂಥ ಹಲ್ಲುಗಳಿರುವ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಬಹುದು. ಎರಡೂ ಕಡೆ ಒಂದೇ ಮೆಟ್ಟಿಲಿಗೆ ಕೂರಿಸಬೇಕು. ಇದನ್ನು ಮರೆತರೆ ಹಿಂಭಾಗ ಕುಸಿದು ಮುಂದಿನ ದೀಪ ಆಕಾಶ ನೋಡುತ್ತದೆ. ಎದುರಿನವರ ಕಣ್ಣು ಕುಕ್ಕುತ್ತದೆ, ಸವಾರನಿಗೆ ತನ್ನ ಮುಂದಿನ ಗುಂಡಿ ಕಾಣುವುದಿಲ್ಲ. ಚೈನಿನ ಬಿಗಿಯನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ಬ್ರೇಕಿನ ಲೆಕ್ಕ ಇನ್ನೂ ಸರಳ. ಚಲನಶಕ್ತಿ ದ್ರವ್ಯರಾಶಿಯ ಜೊತೆ ಅದೇ ಪ್ರಮಾಣದಲ್ಲಿ ಏರುತ್ತದೆ, ವೇಗದ ಜೊತೆ ಅದರ ವರ್ಗದಷ್ಟು ಏರುತ್ತದೆ. ಒಬ್ಬ ಸವಾರನ 172 ಕಿಲೋ ಈಗ 255 ಆಗಿದೆ. ಅದೇ ವೇಗದಲ್ಲಿ, ಅದೇ ದೂರದಲ್ಲಿ ನಿಲ್ಲಬೇಕಾದರೆ ಬ್ರೇಕು ಸುಮಾರು ಒಂದೂವರೆ ಪಟ್ಟು ಬಲ ಹಾಕಬೇಕು. ವೇಗವನ್ನು 60ರಿಂದ 49ಕ್ಕೆ ಇಳಿಸಿದರೆ ಆ ಹೆಚ್ಚಿನ ಶಕ್ತಿಯೆಲ್ಲ ಸರಿದೂಗುತ್ತದೆ. ಹತ್ತು ಕಿಲೋ ಕಡಿಮೆ ಹೇರುವ ಮನಸ್ಸಿಲ್ಲದವರು ಕಡೇಪಕ್ಷ ಹತ್ತು ಕಿ.ಮೀ. ವೇಗವನ್ನಾದರೂ ಕಡಿಮೆ ಮಾಡಲಿ.

ಇನ್ನು ಈ ಭಾಗದ ಎರೆಮಣ್ಣು. ಮಳೆ ಬಿದ್ದ ಎರೆಭೂಮಿಯಲ್ಲಿ ಭಾರ ಹೊತ್ತ ಬೈಕಿನ ಸೈಡ್ ಸ್ಟ್ಯಾಂಡ್ ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ. ನೋಡನೋಡುತ್ತಲೇ ಬೈಕು ಮಲಗುತ್ತದೆ. ಅಂಗೈ ಅಗಲದ ಹಲಗೆಯ ತುಂಡೊಂದು ಚೀಲದಲ್ಲಿದ್ದರೆ ಸ್ಟ್ಯಾಂಡಿನ ಕೆಳಗೆ ಇಡಬಹುದು. ಅದೇ ಭಾರ ಅಗಲ ಜಾಗಕ್ಕೆ ಹಂಚಿಹೋದರೆ ಒತ್ತಡ ಇಳಿಯುತ್ತದೆ ಎಂಬ ಪಠ್ಯಪುಸ್ತಕದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಬೈಕನ್ನು ಹಿಂಬದಿ ಸವಾರ ಏರುವುದು ಬೇಡ. ಮೊದಲು ಚಾಲಕ ಕುಳಿತು, ಎರಡೂ ಕಾಲು ನೆಲಕ್ಕೂರಿ ನೆಟ್ಟಗೆ ಹಿಡಿದ ಮೇಲೆ ಇನ್ನೊಬ್ಬರು ಏರಬೇಕು.

ತಂದೆತಾಯಂದಿರ ಪಾಲು

ಕೀಲಿ ಕೊಡುವುದಿಲ್ಲ ಎಂದು ಬಾಗಿಲು ಮುಚ್ಚುವುದು ಸುಲಭ. ಆದರೆ ಹದಿನೆಂಟು ತುಂಬಿ, ಲೈಸೆನ್ಸು ಪಡೆದ ಮಗ ಇವತ್ತಲ್ಲದಿದ್ದರೆ ನಾಳೆ ಹೊರಡುವವನೇ. ಬೇಡ ಎನ್ನುವುದಕ್ಕಿಂತ ಜೊತೆಗೆ ಕೂತು ತೂಗುವುದು ಮೇಲು. ಲೈಸೆನ್ಸಿಲ್ಲದ ಎಳೆಯರ ವಿಷಯದಲ್ಲಿ ಮಾತ್ರ ಮಾತುಕತೆಗೆ ಎಡೆಯಿಲ್ಲ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವಂತಿಲ್ಲ, ಇಬ್ಬರಿಗೂ ಹೆಲ್ಮೆಟ್ಟು ಕಡ್ಡಾಯ.

ಇಬ್ಬರು ಗೆಳೆಯರ ಮುಂದೆ ಈಗ ಎರಡೇ ದಾರಿ. ಡೇರೆ, ಸ್ಟೋವು ಬೇಕೇ ಬೇಕು ಎಂದಾದರೆ ಬೈಕಿಗೊಬ್ಬರಂತೆ ಎರಡು ಬೈಕು. ಆಗ 62 ಕಿಲೋ ಸವಾರನ ಬೈಕಿನಲ್ಲಿ ಸಾಮಾನಿಗೆ 68 ಕಿಲೋ ಮಿತಿಯುಳಿಯುತ್ತದೆ, 25 ಕಿಲೋ ನಿರಾತಂಕವಾಗಿ ಒಯ್ಯಬಹುದು. ಒಂದೇ ಬೈಕು ಎಂದಾದರೆ ಡೇರೆಯ ಆಸೆ ಬಿಟ್ಟು, ಅನುಮತಿ ಪಡೆದು ಗುಡಿಯ ಪೌಳಿಯಲ್ಲೋ ಶಾಲೆಯ ಜಗಲಿಯಲ್ಲೋ ಮಲಗುವುದು, ಊಟ ಖಾನಾವಳಿಯಲ್ಲಿ. ಜಲದುರ್ಗದ ಕಡೆ ಕೃಷ್ಣೆಯ ದಂಡೆಯಲ್ಲಿ ಡೇರೆ ಹಾಕುವ ಯೋಚನೆ ಹೇಗೂ ಒಳ್ಳೆಯದಲ್ಲ. ನದಿಯಲ್ಲಿ ಮೊಸಳೆಗಳಿವೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮೋಡವಿಲ್ಲದ ರಾತ್ರಿಯಲ್ಲೂ ಹೊಳೆ ಏರುತ್ತದೆ.

ಕುರ್ಡಿಯ ಆ ಮನೆಯ ಮುಂದೆ ಗಂಟು ಬಿಚ್ಚುವ ಕೆಲಸ ನಡೆದಿದೆ. ಡೇರೆ, ಸ್ಟೋವು, ಪಾತ್ರೆ, ದಿನಸಿ ಮನೆಯೊಳಗೆ ಹೋದವು. ಹಾಸಿ ಹೊದೆಯುವುದು 3 ಕಿಲೋ, ಬಟ್ಟೆ 4, ನೀರು 2, ಪಾನಾ-ಪಂಕ್ಚರ್ ಸಾಮಾನು ಮತ್ತು ಔಷಧ 1. ಕೂಡಿದರೆ ಸರಿಯಾಗಿ 10. ಎಲ್ಲವೂ ಎರಡು ಹೊಟ್ಟೆಯ ಚೀಲದಲ್ಲಿ ಎಡಕ್ಕಷ್ಟು ಬಲಕ್ಕಷ್ಟು ಸೇರಿದವು. ಕ್ಯಾರಿಯರ್ ಖಾಲಿ. ಮೊಮ್ಮಗ ಸೀಟಿನ ಮೇಲೆ ಕುಳಿತು ಹ್ಯಾಂಡಲ್ ಆಚೀಚೆ ತಿರುಗಿಸಿ ನೋಡುತ್ತಾನೆ. ಮುಂದಿನ ಗಾಲಿ ನೆಲ ಹಿಡಿದಿರುವುದು ಕೈಗೆ ತಿಳಿಯುತ್ತದೆ.

“ಈಗ ಹೆಂಗೈತಿ ತಾತ?”

ತಾತ ಒಮ್ಮೆ ಹಿಂದಿನಿಂದ, ಒಮ್ಮೆ ಪಕ್ಕದಿಂದ ನೋಡುತ್ತಾರೆ. ಜೋಲುತ್ತಿದ್ದ ಪಟ್ಟಿಯ ತುದಿಯೊಂದನ್ನು ತಾವೇ ಸುತ್ತಿ ಒಳಗೆ ಸಿಕ್ಕಿಸುತ್ತಾರೆ.

“ಈಗ ಬಂಡಿ ಹದಕ್ಕ ಬಂತು ನೋಡಪ್ಪ. ಹೋಗಿ ಬರ್ರಿ” ಎನ್ನುತ್ತಾರೆ.